ಎಂಟನೆಯ ಆಜ್ಞೆಯನ್ನು ಮರೆತ ನಾಲಿಗೆ

ಮಗಳಿಗೆ ಗುಂಟೂರು ಕಡೆಯ ಲೂಥರನ್ ಮನೆತನದ ವರ ಒದಗಿದರೆ ನಮ್ಮವರ ಮೊದಲ ಮಾತು ಒಂದೇ: “ಫಾದರ್, ಹುಡುಗನಿಗೆ ನಮ್ಮಲ್ಲಿ ಮತ್ತೊಮ್ಮೆ ಜ್ಞಾನಸ್ನಾನ ಕೊಟ್ಟುಬಿಡಿ.” ಬಳ್ಳಾರಿ ನಗರವಿರಲಿ, ಸಿರುಗುಪ್ಪ, ಕುರುಗೋಡುಗಳಿರಲಿ, ಇಂಥ ಬೇಡಿಕೆ ಬಂದಾಗ ಮನಸ್ಸು ನೋಯುತ್ತದೆ. ತುಂಗಭದ್ರೆಯ ಕಾಲುವೆಗಳು ಆಂಧ್ರದ ರೈತ ಕುಟುಂಬಗಳನ್ನು ಈ ಸೀಮೆಗೆ ಕರೆತಂದಿವೆ. ಗುಂಟೂರಿನಲ್ಲಿ ಲೂಥರನ್ ಮಿಷನ್ 1842ರಲ್ಲೇ ಆರಂಭವಾಯಿತು. ಆದ್ದರಿಂದ ಇಂಥ ನಂಟಸ್ತಿಕೆಯಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ನಮ್ಮ ಅಜ್ಞಾನದಲ್ಲಿ.

ನೀರಿನಿಂದ, ಪಿತ, ಸುತ ಹಾಗೂ ಪವಿತ್ರಾತ್ಮರ ನಾಮದಲ್ಲಿ ಕೊಟ್ಟ ಜ್ಞಾನಸ್ನಾನವನ್ನು ಮರಳಿ ಕೊಡಲಾಗದು. ಇದು ನಮ್ಮ ಧರ್ಮಸಭೆಯ ಬೋಧನೆ. ಲೂಥರನ್ ಸಭೆಯವರು ಹಸುಳೆಗಳಿಗೂ ಹೀಗೆಯೇ ಜ್ಞಾನಸ್ನಾನ ಕೊಡುತ್ತಾರೆ. ಅದನ್ನು ಮತ್ತೆ ಕೊಡಿರೆಂದು ಕೇಳುವುದೆಂದರೆ ಕ್ರಿಸ್ತನು ಮಾಡಿದ ಕಾರ್ಯವನ್ನು ಅಲ್ಲಗಳೆದಂತೆ.

ನಮ್ಮ ತಪ್ಪಿಗೆ ಕಾರಣ, ಕಥೋಲಿಕರಲ್ಲದವರನ್ನೆಲ್ಲ ಒಂದೇ ಮೂಟೆಯಲ್ಲಿ ಕಟ್ಟುವ ರೂಢಿ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಆರಂಭಿಸಿದ ಲಂಡನ್ ಮಿಷನ್ನಿನ ಪರಂಪರೆ ಬೇರೆ, ಇತ್ತೀಚಿನ ಪೆಂತೆಕೋಸ್ತ್ ಸಭೆಗಳ ಪರಂಪರೆ ಬೇರೆ, ಲೂಥರನ್ ಪರಂಪರೆ ಬೇರೆ.

“ಅವರಿಗೆ ಪರಮಪ್ರಸಾದ ಬರೀ ಗುರುತು” ಎನ್ನುತ್ತಾರೆ. ಸುಳ್ಳು. 1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಹಾಗೆ ವಾದಿಸಿದ ಜ್ವಿಂಗ್ಲಿಯನ್ನು ಎದುರಿಸಿದವನೇ ಮಾರ್ಟಿನ್ ಲೂಥರ್. ಪ್ರಭುವಿನ ಶರೀರ ಮತ್ತು ರಕ್ತ ಅಲ್ಲಿ ನಿಜವಾಗಿಯೂ ಇವೆಯೆಂದು ಅವರು ನಂಬುತ್ತಾರೆ. “ಮಾತೆ ಮರಿಯಳನ್ನು ಹಳಿಯುತ್ತಾರೆ” ಎನ್ನುತ್ತಾರೆ. ಮರಿಯಮ್ಮನವರ ಸ್ತುತಿಗೀತೆಗೆ ಲೂಥರ್ 1521ರಲ್ಲಿ ಭಕ್ತಿಯ ವ್ಯಾಖ್ಯಾನ ಬರೆದನು. ಆಕೆ ದೇವಮಾತೆಯೆಂದು ಅವರ ವಿಶ್ವಾಸಪತ್ರಗಳೂ ಒಪ್ಪುತ್ತವೆ. “ನಂಬಿದರೆ ಸಾಕು, ಹೇಗೆ ಬಾಳಿದರೂ ನಡೆಯುತ್ತದೆಂದು ಬೋಧಿಸುತ್ತಾರೆ” ಎನ್ನುತ್ತಾರೆ. ವಿಶ್ವಾಸವು ಸತ್ಕಾರ್ಯಗಳ ಫಲವನ್ನು ಕೊಡಲೇಬೇಕೆಂದು 1530ರ ಔಗ್ಸ್‌ಬುರ್ಗ್ ವಿಶ್ವಾಸಪತ್ರವೇ ಸಾರುತ್ತದೆ. ಸಾಂಪ್ರದಾಯಿಕ ಲೂಥರನ್ ಆರಾಧನೆಯಲ್ಲಿ ಬಲಿಪೀಠ, ಮೇಣದ ಬತ್ತಿ, ಆಗಮನ ಕಾಲ, ತಪಸ್ಸುಕಾಲ, ಪಾಪನಿವೇದನೆ, ವಿಶ್ವಾಸ ಪ್ರಮಾಣ ಎಲ್ಲವೂ ಇವೆ. ನಮ್ಮವರು ಅಲ್ಲಿ ಕುಳಿತರೆ ಅರ್ಧದಷ್ಟನ್ನು ಗುರುತಿಸಬಲ್ಲರು.

ಹಾಗಾದರೆ ಎಲ್ಲವೂ ಒಂದೇ ಎನ್ನೋಣವೇ? ಅದು ಎರಡನೆಯ ಸುಳ್ಳು. ಬಲಿಪೂಜೆಯ ಬಲಿತ್ವ, ಯಾಜಕ ದೀಕ್ಷೆ, ಏಳು ಸಂಸ್ಕಾರಗಳು, ಸಂತರ ಬಿನ್ನಹ, ಪೇತ್ರನ ಪೀಠ—ಇವುಗಳಲ್ಲಿ ನಮಗೂ ಅವರಿಗೂ ನಿಜವಾದ ಭಿನ್ನತೆಯಿದೆ. ಅದಕ್ಕೆಂದೇ ಒಂದೇ ಪರಮಪ್ರಸಾದದಲ್ಲಿ ಇನ್ನೂ ಭಾಗಿಗಳಾಗಲಾರೆವು. ಈ ನೋವನ್ನು ಮರೆಮಾಚುವುದು ಪ್ರೀತಿಯಲ್ಲ. ಆದರೆ 1999ರ ಅಕ್ಟೋಬರ್ 31ರಂದು ಔಗ್ಸ್‌ಬುರ್ಗ್‌ನಲ್ಲಿ, ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಕೃಪೆಯಿಂದಲೇ ಎಂಬ ಮೂಲ ಸತ್ಯಕ್ಕೆ ಎರಡೂ ಕಡೆಯವರು ಸಹಿ ಹಾಕಿದರು. 2016ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಪೋಪ್ ಫ್ರಾನ್ಸಿಸ್ ಜಗದ್ಗುರುಗಳು ಲೂಥರನ್ ನಾಯಕರೊಡನೆ ಪ್ರಾರ್ಥಿಸಿದರು. ಜಗದ್ಗುರುಗಳು ಕೈಹಿಡಿದು ಪ್ರಾರ್ಥಿಸಿದವರನ್ನು ನಮ್ಮ ಜಗುಲಿಗಳಲ್ಲಿ ಹೀಗಳೆಯುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದೆಂಬುದು ನಮ್ಮ ಎಣಿಕೆಯಲ್ಲಿ ಎಂಟನೆಯ ಆಜ್ಞೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳಿಗೆ ಅದು ಒಂಬತ್ತನೆಯದು. ಲೂಥರನ್ನರಿಗೆ ಮಾತ್ರ ನಮ್ಮಂತೆ ಎಂಟನೆಯದೇ. ಸುಳ್ಳಾಡದಿದ್ದರೆ ಸಾಲದು, ನೆರೆಯವನ ನಡೆನುಡಿಗಳಿಗೆ ಒಳ್ಳೆಯ ಅರ್ಥವನ್ನೇ ಕೊಡಬೇಕೆಂದು ಲೂಥರ್ 1529ರ ಕಿರು ಧರ್ಮೋಪದೇಶದಲ್ಲಿ ಕಲಿಸಿದನು. ನಮ್ಮ ಕಥೋಲಿಕ ಧರ್ಮೋಪದೇಶವೂ ಸಂತ ಇಗ್ನಾಸಿಯವರ ಬಾಯಿಂದ ಇದನ್ನೇ ಕಲಿಸುತ್ತದೆ.

ಆದ್ದರಿಂದ ಪ್ರಿಯ ತಾಯಿತಂದೆಯರೇ, ಮುಂದಿನ ಬಾರಿ ಅಂಥ ಸಂಬಂಧ ಕೂಡಿಬಂದರೆ ಮರುಸ್ನಾನವನ್ನು ಕೇಳಬೇಡಿರಿ. ಹುಡುಗನ ಜ್ಞಾನಸ್ನಾನದ ಪ್ರಮಾಣಪತ್ರವನ್ನು ತರಿಸಿರಿ; ಧರ್ಮಾಧ್ಯಕ್ಷರ ಅನುಮತಿಗಾಗಿ ಸಕಾಲದಲ್ಲಿ ನಿಮ್ಮ ಗುರುಗಳನ್ನು ಕಾಣಿರಿ; ತನ್ನ ವಿಶ್ವಾಸವನ್ನು ಕಾಪಾಡಿಕೊಂಡು, ಮಕ್ಕಳನ್ನು ಅದರಲ್ಲಿಯೇ ಬೆಳೆಸಲು ಶಕ್ತಿಮೀರಿ ಶ್ರಮಿಸುವೆನೆಂಬ ವಾಗ್ದಾನಕ್ಕೆ ಮಗಳನ್ನು ಸಿದ್ಧಪಡಿಸಿರಿ. ಬಳಿಕ ಆ ಯುವಕನನ್ನು ಅನ್ಯನಂತಲ್ಲ, ಕ್ರಿಸ್ತನಲ್ಲಿ ಈಗಾಗಲೇ ಸಹೋದರನಾದವನೆಂದು ಮನೆಯೊಳಗೆ ಬರಮಾಡಿಕೊಳ್ಳಿರಿ.