ಓದಿದ್ದನ್ನು ಓದಿ ಹೇಳೋಣ

ಮಾರ್ಕೆಟ್ ಯಾರ್ಡಿನಲ್ಲಿ ಕನ್ನಡಿಗರಿಬ್ಬರು ಸಂಧಿಸಿದಾಗ ಬೆಲ್ಲದ ಧಾರಣೆ, ಊರಿನ ಮಳೆಬೆಳೆಯ ಮಾತು ಮುಗಿದ ಮೇಲೆ ‘ಈಗ ಯಾವ ಕಾದಂಬರಿ ಓದುತ್ತಿದ್ದೀರಿ?’ ಎಂಬ ಪ್ರಶ್ನೆ ಇಂದಿಗೂ ಕೇಳಿಬರುವುದುಂಟು. ಹೊರನಾಡಿನಲ್ಲಿ ನೆಲೆಸಿದವರಿಗೆ ಇದು ಕುಶಲಪ್ರಶ್ನೆಯಷ್ಟೇ ಆತ್ಮೀಯವಾದುದು. ಆದರೆ ಈ ಪ್ರಶ್ನೆಯನ್ನು ನಾವು ನಮ್ಮ ವಯಸ್ಸಿನವರಿಗಲ್ಲದೆ ಬೇರೆಯವರಿಗೆ ಕೇಳುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ಎಸ್. ಎಲ್. ಭೈರಪ್ಪನವರು ಅಗಲಿದ ಮೇಲೆ ನಾನು ‘ಗೃಹಭಂಗ’ವನ್ನು ಮತ್ತೆ ಕೈಗೆತ್ತಿಕೊಂಡೆ. ಪುಸ್ತಕ ಕೊಟ್ಟವರು ಭುಸಾರ ಪೇಟೆಯ ಗುಮಾಸ್ತರೊಬ್ಬರು. ಕೈಲಾಗದ ಶಾನುಭೋಗ ಗಂಡನ ಬದಲು ಊರಿನ ಲೆಕ್ಕಪತ್ರವನ್ನು ತಾನೇ ಬರೆದು ಸಂಸಾರ ತೂಗಿಸುವ ನಂಜಮ್ಮನ ಪಾಡು, ದಿನವಿಡೀ ಕೀರ್ದಿ-ಖಾತೆ ಬರೆಯುವ ಅವರನ್ನು ನನಗಿಂತ ಹೆಚ್ಚಾಗಿ ತಟ್ಟಿತ್ತು. ‘ಇದನ್ನು ನನ್ನ ಮಗಳು ಓದಬೇಕಿತ್ತು. ಏನು ಮಾಡಲಿ, ಅವಳಿಗೆ ಕನ್ನಡ ಅಕ್ಷರ ಬರುವುದಿಲ್ಲ’ ಎಂದರು.

ಇದು ಅವರೊಬ್ಬರ ಮನೆಯ ಮಾತಲ್ಲ. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತದ್ದು ದೇವನಾಗರಿ ಮತ್ತು ಇಂಗ್ಲಿಷ್ ಲಿಪಿಗಳನ್ನು. ನಾವು ಜತನದಿಂದ ಕೂಡಿಸಿಟ್ಟ ಪುಸ್ತಕಗಳು ನಮ್ಮ ತಲೆಮಾರಿನೊಂದಿಗೇ ಮೂಕವಾಗುವ ಕಾಲ ದೂರವಿಲ್ಲ.

ಮರಾಠಿ ಅನುವಾದವನ್ನು ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ನೆರೆಯ ಮರಾಠಿ ಬಂಧುಗಳಿಗೆ ಅವಶ್ಯವಾಗಿ ಕೊಡೋಣ. ಆದರೆ ನಂಜಮ್ಮನ ಅತ್ತೆ ಗಂಗಮ್ಮನ ಬೈಗುಳದ ಬಿಸಿ ಕನ್ನಡ ಬಲ್ಲ ಕಿವಿಗೆ ಕನ್ನಡದಲ್ಲೇ ಮುಟ್ಟಬೇಕು. ಆ ಕಿವಿ ನಮ್ಮ ಮಕ್ಕಳಿಗೆ ಇನ್ನೂ ಇದೆ.

ದಾರಿಯನ್ನು ಈ ಪುಣೆಯೇ ತೋರಿಸಿದೆ. ಭೈರಪ್ಪನವರ ಅನೇಕ ಕಾದಂಬರಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರು ಕನ್ನಡ ಲಿಪಿಯನ್ನು ನೆಚ್ಚಿ ಕೆಲಸ ಮಾಡಿದವರಲ್ಲ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಯನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿಕೊಡುತ್ತಿದ್ದರು. ಇವರು ಅದನ್ನು ಕೇಳಿ ಅನುವಾದಿಸುತ್ತಿದ್ದರು. ‘ವಂಶವೃಕ್ಷ’ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಸಂದಿತು. ಅಕ್ಷರವರಿಯದ ನಮ್ಮ ಅಜ್ಜಿಯರು ಕುಮಾರವ್ಯಾಸನನ್ನು ಬಲ್ಲವರಾದದ್ದೂ ಗಮಕಿಗಳ ಬಾಯಿಂದಲೇ ಅಲ್ಲವೆ?

ಲಿಪಿ ಕಲಿಸುವ ಪ್ರಯತ್ನ ನಡೆಯಲಿ. ಅದಕ್ಕೆ ವರ್ಷಗಳು ಬೇಕು. ಓದಿ ಹೇಳುವುದಕ್ಕೆ ಇಂದಿನ ರಾತ್ರಿಯೇ ಸಾಕು. ಊಟವಾದ ಮೇಲೆ ಹತ್ತು ಪುಟ, ತಾವು ಈಗ ಮೆಚ್ಚಿ ಓದುತ್ತಿರುವ ಕಾದಂಬರಿಯಿಂದಲೇ ಆಗಲಿ. ದೂರದಲ್ಲಿರುವ ಮಕ್ಕಳಿಗೆ ಮೊಬೈಲಿನಲ್ಲಿ ಮುದ್ರಿಸಿ ಕಳುಹಿಸಬಹುದು. ಮುಂದೇನಾಯಿತು ಎಂದು ಅವರು ಕೇಳಿದ ದಿನ, ಅಕ್ಷರ ಕಲಿಯುವ ಹಂಬಲವೂ ತಾನಾಗಿಯೇ ಹುಟ್ಟೀತು.