ಗಾಳಿಯಿಲ್ಲದ ಸ್ಟೆಪ್ನಿ ಯಾರಿಗೆ ಬೇಕು?

ಕರೆಂಟು ಹೋದರೆ ಬೋರಿನ ಮೋಟಾರು ನಿಲ್ಲುತ್ತದೆ. ಆಗ ನೆನಪಾಗುವುದು ಬೀದಿ ಕೊನೆಯ ಹಳೇ ಕೈಪಂಪು. ಅದೂ ತುಕ್ಕು ಹಿಡಿದು ಕೂತಿದ್ದರೆ ಬಿಂದಿಗೆ ಹಿಡಿದವರ ಗತಿ ಏನು? ಮನೆಯಲ್ಲಾದರೆ ಒಂದು ದಿನದ ಸ್ನಾನ ತಪ್ಪೀತು, ಅಷ್ಟೆ. ಉಗಿ ಎಂಜಿನ್ನಿನಲ್ಲಿ ನೀರು ತಪ್ಪಿದರೆ ಜೀವಕ್ಕೇ ಸಂಚಕಾರ.

ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಮನೆಯ ಶೆಡ್ಡಿನಲ್ಲೇ ಲೇತು ಇಟ್ಟುಕೊಂಡು ಪುಟ್ಟ ಉಗಿ ಎಂಜಿನ್ ಕಟ್ಟುತ್ತಾರೆ. ಹಳಿಯ ಅಗಲ 5 ಅಂಗುಲ, ಇಲ್ಲವೇ ಏಳೂಕಾಲು ಅಂಗುಲ. ಬೆಂಗಳೂರು ಬಾಲಭವನದ ಪುಟಾಣಿ ರೈಲು ಇದರ ಮುಂದೆ ದೈತ್ಯ! ಹಾಗಂತ ಆಟಿಕೆ ಎಂದು ನಗುವಂತಿಲ್ಲ. ಕಲ್ಲಿದ್ದಲ ಬೆಂಕಿ ನಿಜ, ಚದರ ಅಂಗುಲಕ್ಕೆ 80-100 ಪೌಂಡ್ ಉಗಿಯ ಒತ್ತಡ ನಿಜ, ಭಾನುವಾರ ಪಾರ್ಕಿನಲ್ಲಿ ಹಿಂದಿನ ಬಂಡಿ ಹತ್ತುವ ಮಕ್ಕಳೂ ನಿಜ.

ಬಾಯ್ಲರಿನೊಳಗಿನ ಒಲೆಯ ಮೇಲ್ತಗಡನ್ನು ಕಾಪಾಡುವುದು ಅದರ ಮೇಲೆ ನಿಂತ ನೀರು. ನೀರು ತಗ್ಗಿದರೆ ತಗಡು ಕಾದು ಮೆತ್ತಗಾಗುತ್ತದೆ, ಉಗಿ ಅದನ್ನು ಒತ್ತಿ ಹರಿಯುತ್ತದೆ. ನೀರು ಕೊಡಲು ಸಾಮಾನ್ಯವಾಗಿ ಎರಡು ಸಾಧನ. ಒಂದು, ಚಕ್ರದ ಅಚ್ಚಿನಿಂದ ನಡೆಯುವ ಪಂಪು; ಎಂಜಿನ್ ಓಡಿದರೆ ಮಾತ್ರ ಅದರ ಕೆಲಸ. ಇನ್ನೊಂದು, 1858ರಲ್ಲಿ ಫ್ರಾನ್ಸಿನ ಹೆನ್ರಿ ಜಿಫಾರ್ ಕೊಟ್ಟ ಇಂಜೆಕ್ಟರ್. ಉಗಿಯ ರಭಸದಿಂದಲೇ ನೀರು ನೂಕುತ್ತದೆ. ತೊಟ್ಟಿಯ ನೀರು ಬಿಸಿಯಾದರೆ ಅದಕ್ಕೆ ಮುನಿಸು, ರಂಧ್ರದಲ್ಲಿ ಕಸ ಸಿಕ್ಕರೆ ಮುಷ್ಕರ! ನಿಂತ ಎಂಜಿನ್ನಿನಲ್ಲಿ ಇಂಜೆಕ್ಟರೂ ಕೈಕೊಟ್ಟರೆ? ಅದಕ್ಕೇ ಬೇಕು ಕೈಪಂಪು. ಒಂದು ಪಿಸ್ಟನ್, ಎರಡು ವಾಲ್ವು, ಒಂದು ಹಿಡಿ. ಉಗಿ ಬೇಡ, ಓಟ ಬೇಡ, ತೋಳಿನ ಕಸುವು ಸಾಕು.

“ಇರುವ ಎರಡು ಚೆನ್ನಾಗೇ ಇವೆಯಲ್ಲ, ತೊಟ್ಟಿಯಲ್ಲಿ ಜಾಗ ಯಾಕೆ ಹಾಳು?” ಎನ್ನುವವರುಂಟು. ಅವರು 1829ರ ರೇನ್‌ಹಿಲ್ ಸ್ಪರ್ಧೆ ನೆನೆಯಲಿ. ಹ್ಯಾಕ್‌ವರ್ತ್ ಕಟ್ಟಿದ ‘ಸಾನ್ ಪರೇಲ್’ ಎಂಜಿನ್ನಿನ ಪಂಪು ಕೆಟ್ಟಿತು, ನೀರು ತಗ್ಗಿತು, ಬಾಯ್ಲರಿನ ಸೀಸದ ಬಿರಡೆ ಕರಗಿತು. ಗೆದ್ದದ್ದು ಸ್ಟೀಫನ್‌ಸನ್ನರ ‘ರಾಕೆಟ್’. ಹಳೇ ಕಥೆ ಅನ್ನುತ್ತೀರಾ? 1995ರ ಜೂನ್ 16ರಂದು ಅಮೆರಿಕದ ಗೆಟಿಸ್‌ಬರ್ಗ್ ಬಳಿ ಪ್ರವಾಸಿಗರನ್ನು ಎಳೆಯುತ್ತಿದ್ದ ದೊಡ್ಡ ಉಗಿ ಎಂಜಿನ್ನಿನಲ್ಲಿ ಹೀಗೇ ನೀರು ತಗ್ಗಿ ಒಲೆಯ ತಗಡು ಕುಸಿಯಿತು. ಎಂಜಿನ್ ಮೇಲಿದ್ದ ಮೂವರು ಸುಟ್ಟು ಗಾಯಗೊಂಡರು. ತನಿಖೆಯಲ್ಲಿ ಹೊರಬಿದ್ದದ್ದು ನಿರ್ವಹಣೆಯ ಅಸಡ್ಡೆ.

ಹಾಗೆಂದು ಕೈಪಂಪು ಕೂರಿಸಿಬಿಟ್ಟರೆ ಮುಗಿಯಿತೇ? ತೊಟ್ಟಿಯ ತಳದಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದ ಪಂಪಿನ ವಾಲ್ವು ಅಂಟಿಕೊಂಡಿರುತ್ತದೆ. ಗಾಳಿಯಿಲ್ಲದ ಸ್ಟೆಪ್ನಿ ಹೊತ್ತ ಬಸ್ಸಿಗೂ ಸ್ಟೆಪ್ನಿಯೇ ಇಲ್ಲದ ಬಸ್ಸಿಗೂ ಏನ್ರೀ ವ್ಯತ್ಯಾಸ? ಬೆಂಕಿ ಹಚ್ಚುವ ಮೊದಲೇ ಹಿಡಿ ಒತ್ತಿ, ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಏರುವುದನ್ನು ಕಣ್ಣಾರೆ ನೋಡಬೇಕು.

ಇನ್ನೊಂದು ಮಾತು. ಗಾಜಿನಲ್ಲಿ ನೀರು ಕಾಣದಂತಾದ ಮೇಲೆ ಪಂಪು ಮುಟ್ಟಬಾರದು. ಕೆಂಪಗೆ ಕಾದ ತಗಡಿನ ಮೇಲೆ ತಣ್ಣೀರು ಬಿದ್ದರೆ ಅನಾಹುತ. ಆಗ ಮಾಡಬೇಕಾದ್ದು ಒಂದೇ, ಬೆಂಕಿ ಕೆಳಗೆಳೆಯುವುದು. ಬಾಯಾರಿದ ಮೇಲೆ ಬಾವಿ ತೋಡಿದರೆ ಫಲವಿಲ್ಲ. ಕೈಪಂಪು ಇರುವುದು ನೀರು ಇನ್ನೂ ಕಾಣುತ್ತಿರುವ ಹೊತ್ತಿಗೆ.

ಎಂಜಿನ್ ಪುಟ್ಟದಿರಬಹುದು, ಹಿಂದೆ ಕೂತ ಮಗುವಿನ ಜೀವ ಪುಟ್ಟದಲ್ಲ. ಟಿಕೆಟ್ ಹರಿಯುವ ಕೈ ಮೊದಲು ಆ ಹಿಡಿ ಒತ್ತಿ ನೋಡಲಿ.