ಟ್ಯಾಂಕರ್ ಉರುಳಿದರೆ ಕೊಣ್ಣೂರಿಗೆ ಗತಿ ಏನು?

ಕೊಣ್ಣೂರಿನಲ್ಲಿ ಬಸ್ಸಿಗಾಗಿ ಅರ್ಧ ತಾಸು ಕಾದು ನಿಂತವರಿಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ಸಕ್ಕರೆ, ಸಿಮೆಂಟು, ಜೋಳದ ಲಾರಿಗಳ ನಡುವೆಯೇ ಪೆಟ್ರೋಲು, ಡೀಸೆಲ್, ಗ್ಯಾಸು ಹೊತ್ತ ಟ್ಯಾಂಕರುಗಳೂ ಓಡುತ್ತವೆ. ಚಹಾದಂಗಡಿಯ ಒಲೆ ಉರಿಯುತ್ತಿರುತ್ತದೆ, ಪಕ್ಕದಲ್ಲಿ ಬೀಡಿ ಹೊಗೆ ಏಳುತ್ತಿರುತ್ತದೆ. ಟ್ಯಾಂಕರಿನ ಹೊಟ್ಟೆಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲ.

"ಇಷ್ಟ ವರ್ಷ ಏನೂ ಆಗಿಲ್ಲ, ಇನ್ನ ಮುಂದ ಏನ್ ಆಗತೈತ್ರಿ?" ಎನ್ನುವವರಿದ್ದಾರೆ. ಕೇರಳದ ಕಣ್ಣೂರು ಸಮೀಪದ ಚಾಲದಲ್ಲೂ 2012ರ ಆಗಸ್ಟ್ 27ರ ರಾತ್ರಿಯವರೆಗೆ ಏನೂ ಆಗಿರಲಿಲ್ಲ. ಅಂದು ಗ್ಯಾಸ್ ಟ್ಯಾಂಕರ್ ಉರುಳಿತು, ಗ್ಯಾಸು ಮನೆಗಳತ್ತ ಹರಿಯಿತು, ಕಿಡಿ ತಾಗಿತು. ಸತ್ತವರು 20 ಮಂದಿ. ಮರುವರ್ಷ, 2013ರ ಏಪ್ರಿಲ್‌ನಲ್ಲಿ, ನಮ್ಮ ರಾಜ್ಯದ್ದೇ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಂಥದೇ ಅನಾಹುತ. ಎರಡು ಕಡೆಯೂ ಬಲಿಯಾದವರಲ್ಲಿ ರಸ್ತೆ ಬದಿಯ ಮನೆಯವರಿದ್ದರು. ಯಾವ ಕಾರ್ಖಾನೆಯ ಕೂಲಿಗೂ ಹೋದವರಲ್ಲ ಅವರು.

ಬೆಂಕಿ ಎಂದರೆ ನೀರು ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ. ಈ ಬೆಂಕಿಗೆ ಆ ಪಾಠ ಸಾಲದು. ಪೆಟ್ರೋಲು ನೀರಿನ ಮೇಲೆ ತೇಲುತ್ತದೆ. ನೀರು ಹೊಡೆದರೆ ಬೆಂಕಿಯೇ ಚರಂಡಿ ಹಿಡಿದು ಊರೊಳಗೆ ಬರುತ್ತದೆ. ಅದಕ್ಕೆ ನೊರೆ ಬೇಕು, ನೊರೆಯ ದ್ರಾವಣ ಬಂಡಿಯಲ್ಲಿ ತುಂಬಿರಬೇಕು. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮೇಲೆ ಹಾರಿ ಹೋಗದೆ ತಗ್ಗು ಹುಡುಕುತ್ತದೆ. ಸೋರುವ ಬಾಯಿ ಮುಚ್ಚಲಾಗದಿದ್ದರೆ ಹತ್ತಿದ ಉರಿಯನ್ನು ಆರಿಸಲೂಬಾರದು. ಆರಿಸಿದರೆ ಗ್ಯಾಸು ಹರಡಿ ಮತ್ತೊಂದು ಕಡೆ ಹೊತ್ತಿಕೊಳ್ಳುತ್ತದೆ. ದೂರದಿಂದ ಟ್ಯಾಂಕಿನ ಮೈ ತಂಪು ಮಾಡುತ್ತ, ಮೊದಲು ಜನರನ್ನು ಆಚೆ ಸಾಗಿಸಬೇಕು. ಟ್ಯಾಂಕಿಗೇ ಬೆಂಕಿ ಬಿದ್ದರೆ ಸುತ್ತ 1,600 ಮೀಟರ್ ಖಾಲಿ ಮಾಡಿ ಎನ್ನುತ್ತದೆ ಅಗ್ನಿಶಾಮಕರು ಬಳಸುವ ಕೈಪಿಡಿ. ಅಂದರೆ ಒಂದು ಮೈಲು. ಕೊಣ್ಣೂರಿನಲ್ಲಿ ಒಂದು ಮೈಲು ಎಂದರೆ ಉಳಿಯುವುದೇನು?

ಇದನ್ನೆಲ್ಲ ತೀರ್ಮಾನಿಸಲು ಒಳಗಿರುವುದು ಏನು ಎಂದು ಗೊತ್ತಾಗಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಥ ವಾಹನದ ಮೇಲೆ ಫಲಕ ಇರಲೇಬೇಕು. ಅದರಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ: 1203 ಎಂದರೆ ಪೆಟ್ರೋಲು, 1202 ಡೀಸೆಲ್, 1075 ಅಡುಗೆ ಗ್ಯಾಸು. ಫೋನಿನಲ್ಲಿ "ಟ್ಯಾಂಕರ್ ಬಿದ್ದೈತಿ, ಲಗೂ ಬರ್ರಿ" ಎನ್ನುವುದಕ್ಕಿಂತ, ದೂರದಿಂದಲೇ ಓದಿ "1075 ಅಂತ ಬರದೈತಿ" ಎಂದು ಹೇಳಿದರೆ ಬರುವವರು ದಾರಿಯಲ್ಲೇ ಸಿದ್ಧರಾಗುತ್ತಾರೆ. ಈ ಮೂರು ಸಂಖ್ಯೆ ಕಲಿಯಲು ಅಂಗಡಿಯವರಿಗೆ ಐದು ನಿಮಿಷ ಸಾಕು. ಕಲಿಸುವವರು ಬರಬೇಕಷ್ಟೆ.

ಇನ್ನೊಂದು ತೊಡಕು ಹೊಳೆಯದು. ಸೇತುವೆಯ ಈಚೆ ಕೊಣ್ಣೂರು, ಗದಗ ಜಿಲ್ಲೆ. ಆಚೆ ಗೋವನಕೊಪ್ಪ, ಬಾಗಲಕೋಟೆ ಜಿಲ್ಲೆ. ಸೇತುವೆಯ ಮೇಲೇ ಟ್ಯಾಂಕರ್ ಉರುಳಿದರೆ ಹೊರಡುವವರು ಯಾರು? ಎರಡೂ ಕಡೆಯಿಂದ ಬಂಡಿ ಬರಬೇಕು ಎಂಬ ಮಾತು ಮೊದಲೇ ಆಗಿರಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರಿಗೆ ನೀರು ನುಗ್ಗಿದಾಗ ಹೆದ್ದಾರಿಯೇ ನಿಂತುಹೋಗಿತ್ತು. ಒಂದೇ ದಾರಿ ನಂಬಿ ಕೂತರೆ ಏನಾಗುತ್ತದೆಂದು ಊರು ಕಣ್ಣಾರೆ ಕಂಡಿದೆ.

ತಪ್ಪು ಬರೀ ಸರಕಾರದ್ದಲ್ಲ. ಟ್ಯಾಂಕರ್ ಬಿದ್ದರೆ ಕೊಡ ಹಿಡಿದು ಓಡುವ ಚಾಳಿ ನಮ್ಮಲ್ಲೂ ಇದೆ. 2017ರಲ್ಲಿ ಪಾಕಿಸ್ತಾನದ ಬಹಾವಲ್ಪುರದ ಹತ್ತಿರ ಹೀಗೆ ಪುಕ್ಕಟೆ ಎಣ್ಣೆ ತುಂಬಿಕೊಳ್ಳಲು ಹೋದವರಲ್ಲಿ 200ಕ್ಕೂ ಹೆಚ್ಚು ಜನ ಸುಟ್ಟುಹೋದರು. ಈಗ ಕೊಡದ ಜತೆ ಮೊಬೈಲೂ ಸೇರಿದೆ. ಚಿತ್ರ ತೆಗೆಯಲು ಹತ್ತಿರ ಹೋಗುವವರೇ ಹೆಚ್ಚು.

ರಾಸಾಯನಿಕ ಅಪಘಾತಗಳ ಬಗ್ಗೆ 1996ರಲ್ಲೇ ನಿಯಮ ಬಂದಿದೆ. ವರ್ಷಕ್ಕೊಮ್ಮೆಯಾದರೂ ಪೂರ್ಣ ಅಣಕು ಕಾರ್ಯಾಚರಣೆ ನಡೆಸಬೇಕು ಎಂದು ಜಿಲ್ಲಾ ಬಿಕ್ಕಟ್ಟು ಸಮಿತಿಗಳಿಗೆ ಹೇಳಿದೆ. ಆದರೆ ಅದು ಕಾರ್ಖಾನೆಯ ಕಾಂಪೌಂಡಿನೊಳಗೆ ಮುಗಿದರೆ ಕೊಣ್ಣೂರಿಗೆ ಬಂದದ್ದೇನು? ಇಲ್ಲಿಯ ಅಪಾಯ ಗಾಲಿಯ ಮೇಲೆ ಬರುತ್ತದೆ. ಅಣಕು ಕಾರ್ಯಾಚರಣೆಯೂ ಹೆದ್ದಾರಿಗೆ ಬರಲಿ. ಸಂತೆಯಿಲ್ಲದ ಒಂದು ದಿನ ಆರಿಸಿ, ಎರಡೂ ಜಿಲ್ಲೆಯ ಅಗ್ನಿಶಾಮಕರು, ಪೊಲೀಸರು, ಪಂಚಾಯಿತಿಯವರು, ಅಂಗಡಿಕಾರರು ಸೇರಿ ಮಾಡಿ ನೋಡಲಿ. ಒಲೆ ಆರಿಸುವವರು ಯಾರು, ಬಸ್ಸು ತಡೆಯುವವರು ಯಾರು, ಗಾಳಿ ಎತ್ತ ಬೀಸಿದರೆ ಜನ ಎತ್ತ ಓಡಬೇಕು, ಎಲ್ಲ ಅಂದೇ ಗೊತ್ತಾಗುತ್ತದೆ.

ಅಲ್ಲಿಯವರೆಗೆ ಊರವರು ಇಷ್ಟಾದರೂ ನೆನಪಿಡಲಿ: ಹತ್ತಿರ ಹೋಗಬೇಡಿ, ಒಲೆ-ಬೀಡಿ ಆರಿಸಿ, ಗಾಳಿ ಬರುವ ದಿಕ್ಕಿನ ಎತ್ತರಕ್ಕೆ ಸರಿಯಿರಿ, ಅಲ್ಲಿಂದ 112ಕ್ಕೆ ಫೋನ್ ಮಾಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವನ ಕಥೆ ಎಲ್ಲರಿಗೂ ಗೊತ್ತು. ಈ ಬೆಂಕಿ ಬಾವಿ ತೋಡುವಷ್ಟು ಹೊತ್ತೂ ಕೊಡುವುದಿಲ್ಲ.